ಕುಡ್ಲ, ಕೊಡಿಯಾಲ, ಮೈಕಾಲ, ಮಂಗಳೂರು

ಮಂಗಳೂರನ್ನು ಮನೆಯೊಳಗೆ ಮಂಗಳೂರು ಎಂದು ಕರೆಯುವವರು ಮಂಗಳೂರಿನಲ್ಲೇ ಕಡಿಮೆ. ತುಳು ಮಾತಾಡುವವರಿಗೆ ಅದು ಕುಡ್ಲ. ಕೊಂಕಣಿಯವರಿಗೆ ಕೊಡಿಯಾಲ. ಬ್ಯಾರಿಗಳಿಗೆ ಮೈಕಾಲ. ಹವ್ಯಕರ ಮನೆಗಳಲ್ಲಿ ಕೊಡೆಯಾಲ. ಕಾಸರಗೋಡು ದಾಟಿ ತೆಂಕಣಕ್ಕೆ ಹೋದರೆ ಮಲಯಾಳದಲ್ಲಿ ಮಂಗಲಾಪುರಂ. ಶಾಲೆಯ ಪುಸ್ತಕ, ಸರ್ಕಾರಿ ಕಾಗದ, ಪತ್ರಿಕೆಯ ಸುದ್ದಿಗಳಲ್ಲಿ ಮಂಗಳೂರು. ಇಂಗ್ಲಿಷಿನಲ್ಲಿ ಮೊನ್ನೆ ಮೊನ್ನೆಯವರೆಗೆ ಮ್ಯಾಂಗಲೋರ್.

ನನ್ನ ಮನೆಮಾತು ತುಳು. ಊರಿಗೆ ಹೊರಟಾಗ ಬಾಯಿಗೆ ಬರುವುದು ‘ಕುಡ್ಲಗ್ ಪೋಪೆ’ ಎಂಬ ಮಾತೇ. ಅರ್ಜಿ ತುಂಬಲು ಕೂತರೆ ಕೈ ತಾನಾಗಿ ‘ಮಂಗಳೂರು’ ಎಂದು ಬರೆಯುತ್ತದೆ. ಹೀಗೆ ಮಾಡಿ ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಬಾಯಿಗೊಂದು ಹೆಸರು, ಕಾಗದಕ್ಕೊಂದು ಹೆಸರು. ಎರಡೂ ನಮ್ಮವೇ. ಆದರೂ ಎರಡರ ದಾರಿ ಪೂರ್ತಿ ಬೇರೆ. ಒಂದು ಹಡಗು ಹತ್ತಿ ಲೋಕ ಸುತ್ತಿತು. ಇನ್ನೊಂದು ಹೊಳೆಬದಿ ಬಿಟ್ಟು ಅಲುಗಲಿಲ್ಲ.

ಮೊದಲು ಲೋಕ ಸುತ್ತಿದ ಹೆಸರು.

ಮಂಗಳೂರಿಗೆ ಆ ಹೆಸರು ಬಂದದ್ದು ಹೇಗೆ ಎಂದು ಯಾರನ್ನು ಕೇಳಿದರೂ ಬೋಳಾರದ ಮಂಗಳಾದೇವಿಯ ಕಥೆ ಸಿಗುತ್ತದೆ. ಮಲಬಾರಿನ ರಾಜಕುಮಾರಿಯೊಬ್ಬಳು, ಕೆಲವರ ಬಾಯಲ್ಲಿ ಪರಿಮಳ, ಕೆಲವರ ಬಾಯಲ್ಲಿ ಪ್ರೇಮಲಾದೇವಿ, ರಾಜ್ಯ ಬಿಟ್ಟು ನಾಥಪಂಥದ ಮತ್ಸ್ಯೇಂದ್ರನಾಥರ ಹಿಂದೆ ಹೊರಟಳು. ಅವರು ಅವಳಿಗೆ ಮಂಗಳಾದೇವಿ ಎಂದು ಹೆಸರಿಟ್ಟರು. ಮುಂದಕ್ಕೆ ಹೋಗಲಾರದೆ ಅವಳು ಬೋಳಾರದಲ್ಲೇ ಉಳಿದಳು, ಅಲ್ಲೇ ತೀರಿಕೊಂಡಳು. ಅವಳ ನೆನಪಿಗೆ ಗುಡಿ ಆಯಿತು, ಗುಡಿಯಿಂದ ಊರಿಗೆ ಹೆಸರು ಬಂತು. ಗುಡಿ ಕಟ್ಟಿಸಿದವನು ಆಳುಪ ಅರಸ ಕುಂದವರ್ಮ ಎಂದು ಹೇಳುತ್ತಾರೆ.

ಈ ಕಥೆಯ ಮೇಲೆ ನನಗೆ ಪ್ರೀತಿ ಇದೆ. ಅದಕ್ಕೆ ನೆಲದ ಆಧಾರವೂ ಇದೆ. ಊರೊಳಗಿನ ಕದ್ರಿಯ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದ ಮೇಲೆ ಕುಂದವರ್ಮನ ಶಾಸನವೇ ಇದೆ. ಕಾಲ ಕ್ರಿ.ಶ. 968. ಅದರಲ್ಲಿ ಕದಿರಿಕಾ ವಿಹಾರದ ಹೆಸರು ಬರುತ್ತದೆ. ಇವತ್ತಿನ ಕದ್ರಿ ಎಂಬ ಹೆಸರು ಒಂದು ಸಾವಿರ ವರ್ಷದ ಹಿಂದೆ ಹೇಗಿತ್ತು ಎಂದು ಕಣ್ಣಾರೆ ನೋಡಬಹುದಾದ ಜಾಗ ಅದು. ನಾಥಪಂಥದ ನಂಟೂ ಕಥೆಯಲ್ಲಷ್ಟೇ ಉಳಿದಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ತ್ರ್ಯಂಬಕೇಶ್ವರದ ಕಡೆಯಿಂದ ಜೋಗಿಗಳು ಕಾಲ್ನಡಿಗೆಯಲ್ಲಿ ಕದ್ರಿಗೆ ಬರುತ್ತಾರೆ. ಕದ್ರಿ ಜೋಗಿ ಮಠಕ್ಕೆ ಹೊಸ ಮಠಾಧಿಪತಿಯನ್ನು ಕೂರಿಸುತ್ತಾರೆ. ಈ ಪದ್ಧತಿ ಈಗಲೂ ನಡೆಯುತ್ತಿದೆ.

ಆದರೆ ಊರಿನ ಹೆಸರು ಈ ಕಥೆಯಿಂದಲೇ ಹುಟ್ಟಿತು ಎನ್ನುವುದನ್ನು ಒಪ್ಪಲು ನನಗೆ ಆಗುವುದಿಲ್ಲ. ಕಾರಣ ಕಾಲದ ಲೆಕ್ಕ. ಮತ್ಸ್ಯೇಂದ್ರನಾಥರನ್ನು ಹೆಚ್ಚಿನ ವಿದ್ವಾಂಸರು ಇಡುವುದು 9-10ನೇ ಶತಮಾನದ ಆಸುಪಾಸಿನಲ್ಲಿ. ಅದಕ್ಕಿಂತ ಮುನ್ನೂರು ವರ್ಷಕ್ಕೂ ಹಿಂದೆ, 6ನೇ ಶತಮಾನದ ನಡುವಿನಲ್ಲಿ, ಅಲೆಕ್ಸಾಂಡ್ರಿಯಾದ ಕಾಸ್ಮಾಸ್ ಎಂಬ ವ್ಯಾಪಾರಿ ಗ್ರೀಕಿನಲ್ಲಿ ಒಂದು ಪುಸ್ತಕ ಬರೆದ. ವ್ಯಾಪಾರ ಬಿಟ್ಟು ಸನ್ಯಾಸಿಯಾದ ಮನುಷ್ಯ ಅವನು. ಮೆಣಸು ಕಳಿಸುವ ಐದು ಬಂದರುಗಳನ್ನು ಅದರಲ್ಲಿ ಹೆಸರಿಸುತ್ತಾನೆ: ಪಾರ್ಟಿ, ಮಂಗರೂಥ್, ಸಾಲೋಪಟನ, ನಾಲೋಪಟನ, ಪೌಡೋಪಟನ. ಎರಡನೆಯದು ಮಂಗಳೂರು ಎಂದು ಓದಿದವರೆಲ್ಲ ಸಾಮಾನ್ಯವಾಗಿ ಒಪ್ಪುತ್ತಾರೆ. ಅಂದರೆ ಪ್ರೇಮಲಾದೇವಿ ಬೋಳಾರಕ್ಕೆ ಬರುವ ಮೊದಲೇ ಊರು ತನ್ನ ಹೆಸರಿನೊಂದಿಗೆ ಮೆಣಸು ಮಾರುತ್ತಿತ್ತು. ದೇವಿಯ ಪೂಜೆ ಕಥೆಗಿಂತ ಹಳೆಯದಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಊರಿನ ಹೆಸರು ಕೇಳಿ ಕಥೆ ಹುಟ್ಟಿತೇ, ಕಥೆಯಿಂದ ಊರಿಗೆ ಹೆಸರು ಬಂತೇ ಎಂದರೆ, ಮೊದಲನೆಯದೇ ಆಗಿರಬೇಕು ಎಂದು ನನಗೆ ಅನಿಸುತ್ತದೆ.

ಕಾಸ್ಮಾಸ್‌ಗಿಂತ ಹಿಂದೆ, 1ನೇ ಶತಮಾನದಲ್ಲಿ, ರೋಮಿನ ಪ್ಲಿನಿ ಈ ಕರಾವಳಿಯ ಬಗ್ಗೆ ಬರೆಯುತ್ತಾ ನಿತ್ರಿಯಾಸ್ ಎಂಬ ಜಾಗದ ಕಡಲ್ಗಳ್ಳರ ಬಗ್ಗೆ ಎಚ್ಚರಿಸಿದ್ದಾನೆ. ಅದರಲ್ಲಿ ನೇತ್ರಾವತಿಯ ಹೆಸರು ಅಡಗಿದೆ ಎಂದು ಹಲವರು ಹೇಳುತ್ತಾರೆ. ಹಾಗಿದ್ದರೆ ಊರಿಗಿಂತ ಮೊದಲು ಹೊಳೆಯ ಹೆಸರೇ ಕಡಲು ದಾಟಿತು ಎಂದಾಯಿತು.

ಕಾಸ್ಮಾಸ್ ಬರೆದ ‘ಮಂಗರೂಥ್’ನಲ್ಲಿ ‘ಳ’ ಇರಬೇಕಾದ ಜಾಗದಲ್ಲಿ ‘ರ’ ಇದೆ, ಗಮನಿಸಿದಿರಾ? ಅದನ್ನು ನೆನಪಿಟ್ಟುಕೊಂಡು ಸುಮಾರು ಆರು ನೂರು ವರ್ಷ ಮುಂದೆ ಬನ್ನಿ.

ಈಜಿಪ್ಟಿನ ಹಳೆ ಕೈರೋದಲ್ಲಿ ಬೆನ್ ಎಜ್ರಾ ಎಂಬ ಯಹೂದಿ ಪ್ರಾರ್ಥನಾ ಮಂದಿರ ಇದೆ. ದೇವರ ಹೆಸರಿರುವ ಕಾಗದವನ್ನು ಹರಿದು ಬಿಸಾಡಬಾರದು ಎಂಬ ನಂಬಿಕೆಯಿಂದ ಅಲ್ಲಿ ಶತಮಾನಗಳ ಕಾಲ ಹಳೆ ಕಾಗದಗಳನ್ನು ಒಂದು ಕೋಣೆಯಲ್ಲಿ ತುಂಬಿಟ್ಟರು. ಗೆನೀಜಾ ಎಂದು ಕರೆಯುವ ಆ ರಾಶಿಯಲ್ಲಿ ನಮ್ಮ ಊರೂ ಇದೆ. ಟುನೀಸಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ಮನೆ ಮಾಡಿದ್ದ. ಕಂಚಿನ ಸಾಮಾನು ಮಾಡಿಸುತ್ತಿದ್ದ. ಏಡನ್‌ನ ಗೆಳೆಯರಿಂದ ಬರೆಯುವ ಕಾಗದ ತರಿಸಿಕೊಳ್ಳುತ್ತಿದ್ದ. ಅವನ ವ್ಯಾಪಾರ ನೋಡಿಕೊಳ್ಳುತ್ತಿದ್ದ ಆಳಿನ ಹೆಸರು ಬೊಮ್ಮ. 1132ರಲ್ಲಿ ಅವನು ಅಶು ಎಂಬ ಹೆಣ್ಣಾಳನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಸಿಕ್ಕಿದೆ. ಆ ಪತ್ರ ಬರೆದ ಊರು ಮಂಜರೂರ್.

ಮತ್ತೆ ಇನ್ನೂರು ವರ್ಷ ಬಿಟ್ಟು, 1342ರ ಸುಮಾರಿಗೆ, ಮೊರಾಕ್ಕೋದ ಇಬ್ನ್ ಬತೂತ ಬಂದ. ಫಾರ್ಸ್ ಮತ್ತು ಯೆಮನ್‌ನ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆ, ಮೆಣಸು ಮತ್ತು ಶುಂಠಿ ಧಾರಾಳ ಸಿಗುತ್ತದೆ, ಸುಮಾರು 4000 ಮುಸಲ್ಮಾನರು ಇದ್ದಾರೆ ಎಂದು ಬರೆದ. ಅವನೂ ಊರನ್ನು ಕರೆದದ್ದು ಮಂಜರೂರ್ ಎಂದೇ.

‘ಗ’ ಯಾಕೆ ‘ಜ’ ಆಯಿತು ಎಂದು ಹೇಳುವುದು ಸುಲಭ. ಬರಹದ ಅರಬ್ಬಿಯಲ್ಲಿ ‘ಗ’ ಇಲ್ಲ. ಹೊರಗಿನ ‘ಗ’ ಬಂದರೆ ಅವರು ಹೆಚ್ಚಾಗಿ ಹಿಡಿಯುವುದು ‘ಜ’ಕಾರವನ್ನು. ‘ರ’ದ ವಿಷಯ ನನಗೆ ಇನ್ನೂ ಇಷ್ಟ. ಗ್ರೀಕಿನಲ್ಲೂ ಅರಬ್ಬಿಯಲ್ಲೂ ‘ಲ’ ಇದೆ. ಊರವರು ‘ಮಂಗಲೂರು’ ಎಂದಿದ್ದರೆ ಅವರು ಹಾಗೇ ಬರೆದುಕೊಳ್ಳಬಹುದಿತ್ತು. ಎಂಟುನೂರು ವರ್ಷದ ಅಂತರದಲ್ಲಿ, ಬೇರೆ ಬೇರೆ ಭಾಷೆಯ ಕಿವಿಗಳು ಅಲ್ಲಿ ‘ರ’ವನ್ನು ಕೇಳಿಸಿಕೊಂಡಿವೆ. ಹಾಗಾದರೆ ಬಂದರಿನ ಜನ ಆಡುತ್ತಿದ್ದುದು ಅವರ ಬಾಯಿಗೆ ಒಗ್ಗದ ಅಕ್ಷರ, ಅಂದರೆ ನಮ್ಮ ‘ಳ’ ಆಗಿರಬೇಕು. ಇದು ನನ್ನ ಊಹೆ. ಆದರೆ ಈ ಊಹೆ ಮಾಡುವಾಗ ಮೈ ಜುಂ ಎನ್ನುತ್ತದೆ. ಯಾವ ಶಾಸನದ ಕಲ್ಲೂ ಉಚ್ಚಾರವನ್ನು ಹೀಗೆ ಹಿಡಿದಿಡುವುದಿಲ್ಲ. ಹೊರಗಿನವರು ತಪ್ಪಾಗಿ ಬರೆದುಕೊಂಡದ್ದರಿಂದಲೇ ನಮ್ಮ ಹಿರಿಯರ ನಾಲಿಗೆ ಹೇಗೆ ಹೊರಳುತ್ತಿತ್ತು ಎಂಬ ಸುಳಿವು ಸಿಗುತ್ತದೆ.

1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಿಂದ ಕಡಲ ದಾರಿಯಲ್ಲಿ ಬಂದು ಮಂಗಳೂರಿನಲ್ಲಿ ಇಳಿದು ವಿಜಯನಗರಕ್ಕೆ ಹೋದ. ಪರ್ಷಿಯನ್‌ನಲ್ಲಿ ‘ಗ’ ಇದೆ. ಹಾಗಾಗಿ ಅವನಿಗೆ ಇದು ಮಂಗಲೂರ್. ಆಮೇಲೆ ಬಂದ ಪೋರ್ಚುಗೀಸರು ಮಂಗಲೋರ್ ಎಂದರು, 1568ರಲ್ಲಿ ಇಲ್ಲಿ ಕೋಟೆ ಕಟ್ಟಿದರು. ಇಂಗ್ಲಿಷರು ಅದನ್ನೇ ಎತ್ತಿಕೊಂಡರು. ಟಿಪ್ಪುವಿಗೂ ಅವರಿಗೂ 1784ರ ಮಾರ್ಚ್ 11ರಂದು ಆದ ಒಪ್ಪಂದ ಈ ಊರಿನ ಹೆಸರಿನಲ್ಲೇ ಇದೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತ ಬದಲಾದಾಗ ಮ್ಯಾಂಗಲೋರ್ ಹೋಗಿ ಅಲ್ಲೂ ಮಂಗಳೂರು ಬಂತು.

ಆ ದಿನ ಹಲವರು ‘ಹೆಸರು ಬದಲಾಯಿತು’ ಎಂದರು. ಕನ್ನಡದಲ್ಲಿ ಏನೂ ಬದಲಾಗಿರಲಿಲ್ಲ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆಯನ್ನು ಇಲ್ಲಿಂದ ಹೊರಡಿಸಿದಾಗ ಅದರ ಹೆಸರು ‘ಮಂಗಳೂರ ಸಮಾಚಾರ’. ಸರ್ಕಾರಿ ಆದೇಶಕ್ಕಿಂತ 171 ವರ್ಷ ಮೊದಲೇ ಹೆಸರು ಅಚ್ಚಾಗಿತ್ತು.

‘ಮಂಗಳ’ ಎಂದರೆ ಏನು? ಶುಭ, ಒಳ್ಳೆಯದು, ಅಷ್ಟು ಎಲ್ಲರಿಗೂ ಗೊತ್ತು. ಆದರೆ ಊರಿನ ಹೆಸರಿನಲ್ಲಿ ಅದಕ್ಕೆ ಬೇರೆಯದೇ ಬಾಳಿದೆ. ತಮಿಳು ಶಾಸನಗಳಲ್ಲಿ ಬ್ರಾಹ್ಮಣರಿಗೆ ದಾನ ಕೊಟ್ಟ ಊರುಗಳಿಗೆ ಚತುರ್ವೇದಿಮಂಗಲಂ ಎಂದು ಮತ್ತೆ ಮತ್ತೆ ಬರುತ್ತದೆ. ಸತ್ಯಮಂಗಲ, ಮಂಗಳವೇಢೆ, ಮಂಗಳಗಿರಿ, ಹೀಗೆ ದಕ್ಷಿಣದ ಉದ್ದಗಲಕ್ಕೂ ಮಂಗಳದ ಊರುಗಳಿವೆ. ಗುಜರಾತಿನ ಕಡಲ ತೀರದ ಮಾಂಗ್ರೋಲ್ ಕೂಡ ಹಿಂದೆ ಮಂಗಳಪುರವೇ. ಅದೂ ಬಂದರು. ಪೋರ್ಚುಗೀಸರ ಕಾಲದಲ್ಲಿ ಎರಡು ಮಂಗಲೋರ್‌ಗಳು ಒಂದಕ್ಕೊಂದು ಬೆರೆಯದಂತೆ ಅದನ್ನು ಸೂರತಿ ಮಂಗಲೋರ್ ಎಂದದ್ದುಂಟು. ಇಷ್ಟು ಕಡೆ ಇರುವ ಹೆಸರಿಗೆ ಒಬ್ಬ ದೇವಿಯ, ಒಬ್ಬ ರಾಜಕುಮಾರಿಯ ಕಾರಣ ಬೇಕಿಲ್ಲ. ಅರಸರು, ದಾನಪತ್ರ ಬರೆಯುವವರು, ವ್ಯಾಪಾರಿಗಳು ಇಷ್ಟಪಟ್ಟ ಹೆಸರು ಅದು. ಅದಕ್ಕೇ ಅದು ಕಲ್ಲಿಗೂ ತಾಮ್ರಕ್ಕೂ ಕಾಗದಕ್ಕೂ ಸುಲಭವಾಗಿ ಏರಿತು. ಬಾಲದಲ್ಲಿ ಮಾತ್ರ ನಮ್ಮ ‘ಊರು’ ಗಟ್ಟಿಯಾಗಿ ಕೂತಿದೆ. ಸಂಸ್ಕೃತದಲ್ಲಿ ಬರೆಯುವವರು ಅದನ್ನು ಪುರ ಮಾಡಿದರು. ಮಲಯಾಳ ಇವತ್ತೂ ಆ ಪುರವನ್ನೇ ಇಟ್ಟುಕೊಂಡಿದೆ. ಅರಬ್ಬರು ‘ಊರ್’ ಎಂದೇ ಕೇಳಿಸಿಕೊಂಡರು.

ಇನ್ನು ಕುಡ್ಲ.

ಒಮ್ಮೆ ಹಳೆ ಬಂದರಿನ ಕಡೆ ಹೋಗಿ ನಿಂತರೆ ಈ ಹೆಸರಿಗೆ ಪಂಡಿತರು ಬೇಕಾಗುವುದಿಲ್ಲ. ತೆಂಕಣದಿಂದ ನೇತ್ರಾವತಿ ಬರುತ್ತದೆ. ಬಡಗಣದಿಂದ ಗುರುಪುರ ಹೊಳೆ ಬರುತ್ತದೆ, ಫಲ್ಗುಣಿ ಎಂದರೂ ಅದೇ. ಎರಡೂ ನೇರ ಕಡಲಿಗೆ ಬೀಳುವುದಿಲ್ಲ. ಬೆಂಗ್ರೆಯ ಮರಳು ಪಟ್ಟಿ ಅಡ್ಡ ಮಲಗಿರುವುದರಿಂದ ಮೊದಲು ಒಂದನ್ನೊಂದು ಕೂಡಿ, ಆಮೇಲೆ ಅಳಿವೆಬಾಗಿಲಿನಿಂದ ಕಡಲಿಗೆ ಇಳಿಯುತ್ತವೆ. ಕೂಡುವ ಜಾಗ ಕೂಡಲ, ಬಾಯಲ್ಲಿ ಸವೆದು ಕುಡ್ಲ. ಎಲ್ಲರೂ ಹೇಳುವ ಅರ್ಥ ಇದೇ. ನನಗೂ ಇದು ಸರಿ ಎನಿಸುತ್ತದೆ, ಯಾಕೆಂದರೆ ಇದಕ್ಕೆ ನೆಂಟರು ತುಂಬಾ ಇದ್ದಾರೆ. ಕೃಷ್ಣೆ ಮಲಪ್ರಭೆಯರು ಕೂಡುವಲ್ಲಿ ಕೂಡಲಸಂಗಮ. ತಮಿಳುನಾಡಿನ ಕಡಲೂರು ಮೂಲದಲ್ಲಿ ಕೂಡಲೂರು. ಮದುರೆಗೂ ಹಳೆ ತಮಿಳಿನಲ್ಲಿ ಕೂಡಲ್ ಎಂಬ ಹೆಸರಿದೆ. ಕಾಸರಗೋಡಿನ ಹತ್ತಿರ ಕೂಡ್ಲು ಇದೆ.

ಇಲ್ಲಿ ನನ್ನದೊಂದು ತಕರಾರು ಇದೆ. ಚರಿತ್ರೆಯ ಪುಸ್ತಕಗಳು ಮಂಗಳಾಪುರ, ಮಂಗರೂಥ್, ಮಂಜರೂರ್‌ಗಳಿಗೆ ಪುಟಗಟ್ಟಲೆ ಕೊಡುತ್ತವೆ. ಕುಡ್ಲಕ್ಕೆ ಕೊನೆಯಲ್ಲಿ ಒಂದು ಸಾಲು: ‘ಸ್ಥಳೀಯರು ಕುಡ್ಲ ಎನ್ನುತ್ತಾರೆ.’ ಬರಹದಲ್ಲಿ ಸಿಗದ ಹೆಸರು ಎಂದರೆ ಹಿಂದಿನದಲ್ಲ ಎಂದು ತೀರ್ಮಾನಿಸಿಬಿಟ್ಟ ಹಾಗೆ. ಬರೆಯುವವರ ಭಾಷೆ ಸಂಸ್ಕೃತ ಇತ್ತು, ಕನ್ನಡ ಇತ್ತು. ತುಳು ಹೆಚ್ಚಾಗಿ ಬಾಯಿಯಲ್ಲೇ ಬಾಳಿದ ಭಾಷೆ. ಅದರ ಹೆಸರುಗಳಿಗೆ ತಾರೀಕು ಹಾಕಲು ಆಗುವುದಿಲ್ಲ, ನಿಜ. ಆದರೆ ಹೆಸರು ನೆಲವನ್ನು ನೋಡಿ ಇಟ್ಟದ್ದಾದರೆ, ಅದನ್ನು ಇಟ್ಟವರು ಆ ಎರಡು ಹೊಳೆಗಳಲ್ಲಿ ದೋಣಿ ಹಾಕಿದವರು, ಮೀನು ಹಿಡಿದವರು. ಅವರು ಇಲ್ಲಿ ಇರುವುದಕ್ಕೆ ಯಾವ ಅರಸನ ದಾನಪತ್ರವೂ ಬೇಕಿರಲಿಲ್ಲ.

ಕೊಡಿಯಾಲದ ವಿಷಯ ಇನ್ನೂ ಸ್ವಾರಸ್ಯ. ಇದನ್ನು ಕೊಂಕಣಿ ಹೆಸರು ಎಂದು ಸುಮ್ನೆ ಒಂದು ಮಾತಿನಲ್ಲಿ ಹೇಳಿಬಿಡುತ್ತಾರೆ. ಗೋವೆಯಿಂದ ಬಂದ ಗೌಡ ಸಾರಸ್ವತರೂ ಕ್ಯಾಥೊಲಿಕರೂ ಇದನ್ನೇ ಬಳಸುತ್ತಾರೆ. ರಥಬೀದಿಯ ವೆಂಕಟರಮಣ ದೇವಸ್ಥಾನದಲ್ಲಿ ರಥಸಪ್ತಮಿಯಂದು ನಡೆಯುವ ರಥೋತ್ಸವ ಕೊಡಿಯಾಲ್ ತೇರು ಎಂದೇ ಹೆಸರುವಾಸಿ. ಆದರೆ ಹವ್ಯಕರ ಮಾತು ಕನ್ನಡದ ಒಂದು ಬಗೆ. ಅವರು ಗೋವೆಯಿಂದ ಬಂದವರಲ್ಲ. ಮನೆಯಲ್ಲಿ ಕನ್ನಡ ಆಡುವ ಜನ ಮಂಗಳೂರು ಎನ್ನದೆ ಕೊಡೆಯಾಲ ಎನ್ನುತ್ತಾರೆ. ಹಾಗಾಗಿ ಇದು ಕೊಂಕಣಿಯವರು ಹೊತ್ತು ತಂದ ಹೆಸರಲ್ಲ, ಅವರು ಬಂದಾಗ ಇಲ್ಲಿ ಕಿವಿಗೆ ಬಿದ್ದ ಹೆಸರು ಎಂದು ನಾನು ನಂಬುತ್ತೇನೆ. ‘ಕೂಡಲ’ವೇ ಅವರ ಬಾಯಲ್ಲಿ ಹೀಗಾಯಿತು ಎನ್ನುವವರಿದ್ದಾರೆ. ‘ಕೊಡಿ’ ಎಂದರೆ ತುದಿ, ಹೊಳೆಯ ತುದಿಯ ಊರು ಎನ್ನುವವರೂ ಇದ್ದಾರೆ. ಎರಡರಲ್ಲಿ ಯಾವುದಾದರೂ ಮತ್ತೆ ಅದೇ ಅಳಿವೆಗೆ ಬಂದು ನಿಲ್ಲುತ್ತೇವೆ.

ಊರೊಳಗೆ ಕೊಡಿಯಾಲ್‌ಬೈಲ್ ಇದೆಯಲ್ಲ, ಅದನ್ನು ನಾವು ದಿನಾ ಹೇಳುತ್ತೇವೆ. ಬೈಲು ಎಂದರೆ ಗದ್ದೆಗಳ ತಗ್ಗು. ಅಲ್ಲೀಗ ಗದ್ದೆ ಇಲ್ಲ, ಎತ್ತರದ ಕಟ್ಟಡಗಳಿವೆ. ಸರ್ಕಾರ ಒಪ್ಪದ ಹೆಸರು ಎಂದುಕೊಂಡಿದ್ದ ಕೊಡಿಯಾಲ, ಅಂಚೆಯವರು ದಿನಾ ಓದುವ ವಿಳಾಸದಲ್ಲೇ ಕೂತಿದೆ.

ಮೈಕಾಲ ಈ ಯಾವ ಗುಂಪಿಗೂ ಸೇರುವುದಿಲ್ಲ. ಬ್ಯಾರಿಗಳು ಈ ಕರಾವಳಿಯ ಹಳೆ ಮುಸಲ್ಮಾನರು, ಅರಬ್ಬಿ ವ್ಯಾಪಾರದ ಜೊತೆ ಬೆಳೆದವರು. ಅವರ ಬ್ಯಾರಿ ಭಾಷೆ ಮಲಯಾಳಕ್ಕೆ ಹತ್ತಿರ, ತುಳುವಿನ ಒಡನಾಟದಲ್ಲಿ ಬೆಳೆದದ್ದು. ನೇತ್ರಾವತಿಯ ದಡದಲ್ಲಿ ಕಟ್ಟಿಗೆ ಸುಟ್ಟು ಇದ್ದಿಲು ಮಾಡುತ್ತಿದ್ದರು, ಆ ಮಸಿಯಿಂದ ಮೈಕಾಲ ಬಂತು ಎಂಬುದು ಸಾಮಾನ್ಯವಾಗಿ ಕೇಳುವ ವಿವರಣೆ. ನನಗೆ ಅದರ ಅರ್ಥಕ್ಕಿಂತ ಅದು ಉಳಿದ ರೀತಿ ದೊಡ್ಡದು. ಅರಬ್ಬಿ ಪುಸ್ತಕಗಳಲ್ಲಿ ಮಂಜರೂರ್ ಎಂದಿತ್ತು. ಅರಬ್ಬಿ ಓದಬಲ್ಲ ಜನ ಆ ಹೆಸರನ್ನು ತಮ್ಮದಾಗಿ ಮಾಡಿಕೊಳ್ಳಬಹುದಿತ್ತು. ಮಾಡಿಕೊಳ್ಳಲಿಲ್ಲ. ಕಡಲಿನಿಂದ ಬಂದ ಹೆಸರನ್ನು ಬಿಟ್ಟು ದಡದ ಹೆಸರನ್ನು ಹಿಡಿದರು.

ಕುಡ್ಲ ಎಂಬುದನ್ನೇ ಅಧಿಕೃತ ಮಾಡಬೇಕು ಎನ್ನುವ ಮಾತು ಆಗಾಗ ಏಳುತ್ತದೆ. ಅದರ ಹಿಂದಿನ ಪ್ರೀತಿ ನನಗೆ ಗೊತ್ತು, ಆ ಪ್ರೀತಿ ನನ್ನಲ್ಲೂ ಇದೆ. ಆದರೆ ಪಕ್ಕದ ಮನೆಯವರ ಕೊಡಿಯಾಲ, ಎದುರು ಅಂಗಡಿಯವರ ಮೈಕಾಲ ಆಗ ಎಲ್ಲಿ ಹೋಗಬೇಕು? ಮಂಗಳೂರು ಎಂಬ ಹೆಸರಿನ ದೊಡ್ಡ ಉಪಕಾರ ಇದೇ ಎಂದು ನನಗೆ ಅನಿಸುತ್ತದೆ. ಅದು ಯಾರ ಅಡುಗೆಮನೆಯ ಹೆಸರೂ ಅಲ್ಲದ್ದರಿಂದ ಎಲ್ಲರಿಗೂ ಬೋರ್ಡಿನ ಮೇಲೆ ಒಪ್ಪಿಗೆ ಆಗುತ್ತದೆ. ಆಗಬೇಕಾದ ಕೆಲಸ ಬೇರೆ ಇದೆ. ಶಾಲೆಯಲ್ಲಿ ಊರಿನ ಪಾಠ ಮಾಡುವಾಗ ನಾಲ್ಕೂ ಹೆಸರು ಹೇಳಬೇಕು. ಮೈಕಾಲ ಎನ್ನುವ ಮಗುವಿಗೆ ಕುಡ್ಲ ಗೊತ್ತಿರುತ್ತದೆ. ಕುಡ್ಲ ಎನ್ನುವ ಮಗುವಿಗೆ ಮೈಕಾಲ ಗೊತ್ತಿರುವುದು ಅಪರೂಪ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಹೊರಗೆ ಹೋದಷ್ಟೂ ‘ಮಂಗಳೂರು’ ಜಾಸ್ತಿ ಸಿಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ದೂರದೂರದ ಊರುಗಳ ಮಾಡು ಏರಿತು. ಇಲ್ಲಿ ಅದು ಬರೀ ಹಂಚು. ಬೆಂಗಳೂರಿನ ಹೋಟೆಲಿನ ಮಂಗಳೂರು ಬಜ್ಜಿ ಇಲ್ಲಿ ಗೋಳಿಬಜೆ. ಮಂಗಳೂರು ಸೌತೆ ಇಲ್ಲಿ ತೌತೆ. ಹೊರಗಿನವರಿಗೆ ಗುರುತು ಹೇಳಲು ಊರಿನ ಹೆಸರು ಬೇಕು, ಒಳಗಿನವರಿಗೆ ಬೇಡ.

ಊರೊಳಗಂತೂ ಹೊಸ ಹೆಸರುಗಳು ಹುಟ್ಟುವುದು ನಿಂತೇ ಇಲ್ಲ. ಬಂದರ್ ಪರ್ಷಿಯನ್ ಮಾತು, ಈಗ ಅದು ಒಂದು ಬಡಾವಣೆ. ಬಾವುಟ ಹಾರಿಸುತ್ತಿದ್ದ ಗುಡ್ಡ ಬಾವುಟಗುಡ್ಡೆ, ಅದೇ ಇಂಗ್ಲಿಷಿನಲ್ಲಿ ಲೈಟ್‌ಹೌಸ್ ಹಿಲ್. ದಾರಿಹೋಕರಿಗೆ ನೀರು ಕೊಡುತ್ತಿದ್ದ ಅಪ್ಪಣ್ಣನ ಕಟ್ಟೆ ಹಂಪನಕಟ್ಟೆ ಆಯಿತು ಎಂಬ ಕಥೆ ಇದೆ. ಸಿಟಿ ಬಸ್ಸುಗಳ ಬೋರ್ಡಿನಲ್ಲಿ ಕೊನೆಯ ನಿಲ್ದಾಣದ ಹೆಸರು ಸ್ಟೇಟ್‌ಬ್ಯಾಂಕ್. ಹಣದ ಕೆಲಸವೇ ಇಲ್ಲದವರೂ ದಿನಾ ಸ್ಟೇಟ್‌ಬ್ಯಾಂಕಿಗೆ ಹೋಗಿ ಬರುತ್ತಾರೆ. ಜ್ಯೋತಿ ಟಾಕೀಸನ್ನು ಕೆಡವಿ ಆಗಿದೆ, ಆದರೂ ಕಂಡಕ್ಟರ್ ‘ಜ್ಯೋತಿ, ಜ್ಯೋತಿ’ ಎಂದು ಕೂಗುತ್ತಾನೆ, ಜನ ಇಳಿಯುತ್ತಾರೆ. ಅಲ್ಲಿ ಸಿನಿಮಾ ನೋಡದ ಕಾಲೇಜು ಮಕ್ಕಳೂ ಗೆಳೆಯರಿಗೆ ಫೋನಿನಲ್ಲಿ ‘ಜ್ಯೋತಿಯಲ್ಲಿ ಸಿಗುವಾ’ ಎನ್ನುತ್ತಾರೆ.